ಬೆಟ್ಟ ಎಂದರೆ ಯಾವ ಬೆಟ್ಟ?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡಲು ನಿಮ್ಮ ಮುಂದೆ ನಿಂತಿದ್ದೇನೆ. ಆ ಪದ ಬೆಟ್ಟ. ಅಕ್ಷರ ಕಲಿಯುವ ಮಗು ಕೂಡ ಎರಡು ಗೆರೆ ಎಳೆದು, ನಡುವೆ ಸೂರ್ಯನನ್ನು ಕೂರಿಸಿ ಇದು ಬೆಟ್ಟ ಎನ್ನುತ್ತದೆ. ಇಷ್ಟು ಗೊತ್ತಿರುವ ಪದಕ್ಕೆ ಒಂದು ಉಪನ್ಯಾಸ ಬೇಕೆ ಎಂದು ನೀವು ಕೇಳಬಹುದು. ಬೇಕು ಎನ್ನಲು ನನ್ನ ಬಳಿ ಇರುವ ಮೊದಲ ಸಾಕ್ಷಿ ಸಿಗುವುದು ಕಾನೂನಿನ ಪುಸ್ತಕದಲ್ಲಿ.

1964ರ ಭೂಕಂದಾಯ ಅಧಿನಿಯಮದ 79ನೇ ಪ್ರಕರಣದ ಎರಡನೇ ಉಪಪ್ರಕರಣವನ್ನು ನೋಡಿ. ಸರ್ಕಾರದ ಆದೇಶಗಳಿಗೆ ಒಳಪಟ್ಟು, ರೂಢಿಯಿಂದ ಅಥವಾ ಹಿಂದಿನ ಯಾವುದಾದರೂ ಆದೇಶದಿಂದ ಜನ ಅನುಭವಿಸುತ್ತ ಬಂದ ಕೆಲವು ಸವಲತ್ತುಗಳು ಮುಂದುವರಿಯುತ್ತವೆ ಎಂಬುದು ಅದರ ತಾತ್ಪರ್ಯ. ಅಲ್ಲೇ ಒಂದು ಪಟ್ಟಿ ಬರುತ್ತದೆ: ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಮೈಸೂರು ಸೀಮೆಯ ಕಾನು, ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ, ಬಾಣೆ, ಹೈದರಾಬಾದ್ ಸೀಮೆಯ ಮೋಟಸ್ಥಲ. ಐದು ಆಡಳಿತಗಳ ಕೆಳಗೆ ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಗಿತ್ತು. ಎಂಟು ವರ್ಷಗಳ ನಂತರ ಎಲ್ಲರಿಗೂ ಒಂದೇ ಕಂದಾಯ ಕಾನೂನು ಬರೆಯಲು ಕೂತವರು ಬಹುತೇಕ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿದರು. ಈ ಕೆಲವು ಪದಗಳನ್ನು ಮಾತ್ರ ಅಚ್ಚಿಗೆ ಹಾಕಲಾಗಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಆ ಕಾನೂನಿನಲ್ಲಿ ಅವು ನಮ್ಮ ಊರಿನ ಉಚ್ಚಾರಣೆಯಲ್ಲೇ, ಇಂಗ್ಲಿಷ್ ಲಿಪಿ ಹೊದ್ದು ಕೂತಿವೆ. ನಮ್ಮ ಶಾಸನಗಳಲ್ಲಿ ನನಗೆ ಅತ್ಯಂತ ಇಷ್ಟವಾದ ವಾಕ್ಯ ಇದು. ನೆಲವನ್ನು ಬಲ್ಲ ಯಾರೋ ಒಬ್ಬರು ಅದನ್ನು ಬರೆಯುವ ಕೋಣೆಯಲ್ಲಿ ಇದ್ದಿರಬೇಕು.

ಈ ಪಟ್ಟಿಯಲ್ಲಿ ಬೆಟ್ಟ ಎರಡು ಸಲ ಬರುತ್ತದೆ. ಉತ್ತರ ಕನ್ನಡಕ್ಕೆ ಬರೀ ಬೆಟ್ಟ. ಮೈಸೂರು ಸೀಮೆಗೆ ಸೊಪ್ಪಿನ ಬೆಟ್ಟ. ಇದಕ್ಕೆ ಕಾರಣ ಇದೆ ಎಂದು ನನ್ನ ಓದು. ಮೈಸೂರಿನವರಿಗೆ ಬೆಟ್ಟ ಎಂದರೆ ಚಾಮುಂಡಿ ಬೆಟ್ಟ, ನಂದಿ ಬೆಟ್ಟ. ಅಲ್ಲಿನ ಕಂದಾಯ ಕಾಗದದಲ್ಲಿ ಬರೀ ಬೆಟ್ಟ ಎಂದು ಬರೆದರೆ ಬಂಡೆಯ ಚಿತ್ರ ಕಣ್ಣಿಗೆ ಬರುತ್ತದೆಯೇ ಹೊರತು ಸೊಪ್ಪಿನದಲ್ಲ. ಹಾಗಾಗಿ ಸಾಗರ, ಹೊಸನಗರದ ಕಡೆಯ ನೆಲವನ್ನು ಹೇಳಲು ಸೊಪ್ಪನ್ನು ಸೇರಿಸಬೇಕಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಆ ಸೇರ್ಪಡೆ ಬೇಕಿಲ್ಲ. ಅಲ್ಲಿ ಬೆಟ್ಟ ಎಂದರೇ ಸೊಪ್ಪು.

ಆ ಬೆಟ್ಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಉಳಿದ ಎಲ್ಲ ಅರ್ಥಗಳೂ ಅಲ್ಲಿಂದ ನೋಡಿದಾಗ ಸ್ಪಷ್ಟವಾಗುತ್ತವೆ ಎಂದು ನನಗೆ ಅನ್ನಿಸಿದೆ.

ಶಿರಸಿ ಸೀಮೆಯ ಅಡಿಕೆ ತೋಟ ಕಣಿವೆಯ ತಳದಲ್ಲಿರುತ್ತದೆ. ಎರಡೂ ಕಡೆ ಇಳಿಜಾರು. ಆ ಇಳಿಜಾರಿನ ಮೇಲೆ ಮತ್ತಿ, ಕಿಂದಳ, ಹೊನ್ನೆ, ನಂದಿ, ನೇರಲ ಮರಗಳು. ಇದು ಬೆಟ್ಟ. ಕೆಲವು ಬೆಟ್ಟಗಳ ಎತ್ತರ ತೆಂಗಿನ ಮರದಷ್ಟೂ ಇರುವುದಿಲ್ಲ. ಪರ ಊರಿನವರು ಅದನ್ನು ಏರು ಎಂದಾರೇ ಹೊರತು ಬೆಟ್ಟ ಎನ್ನುವುದಿಲ್ಲ. ಅಲ್ಲಿಯ ಹವ್ಯಕ ಮನೆಯೊಂದರಲ್ಲಿ ಯಜಮಾನರನ್ನು ಕೇಳಿಕೊಂಡು ಹೋದರೆ ಮಗ ಜಗಲಿಗೆ ಬಂದು ‘ಅಪ್ಪಯ್ಯ ಬೆಟ್ಟಕ್ಕೆ ಹೋಯ್ದ’ ಎನ್ನುತ್ತಾನೆ. ಆ ಮಾತಿನಲ್ಲಿ ಶಿಖರವೂ ಇಲ್ಲ, ಯಾತ್ರೆಯೂ ಇಲ್ಲ. ಕೈಯಲ್ಲಿ ಕತ್ತಿ ಹಿಡಿದು ಮನೆಯ ಹಿಂದೆ ಹೋಗಿದ್ದಾರೆ, ಅಷ್ಟೇ.

ಬೆಟ್ಟದಿಂದ ಹಸಿ ಸೊಪ್ಪು ಬರುತ್ತದೆ, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಬರುತ್ತದೆ. ಎರಡೂ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹೋಗುತ್ತವೆ. ಸಗಣಿ, ಗಂಜಲ ಹೀರಿದ ಆ ಹಾಸು ಗೊಬ್ಬರಗುಂಡಿಗೆ, ಅಲ್ಲಿ ಕಳಿತು ಅಡಿಕೆ ಮರದ ಬುಡಕ್ಕೆ. ಮಳೆಗಾಲದ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ತೋಟದ ನೆಲಕ್ಕೆ ಮುಚ್ಚುವುದೂ ಇದೇ ಸೊಪ್ಪು. ಘಟ್ಟದ ಮೇಲಿನ ಆ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕವನ್ನು ಬ್ರಿಟಿಷರ ಕಾಲದ ನಿಯಮಗಳೇ ಒಪ್ಪಿಕೊಂಡಿದ್ದವು. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಅರಣ್ಯ ಇಲಾಖೆಯ ಬಿಗಿ ಹೆಚ್ಚುತ್ತ ಹೋಯಿತು. ಆದರೂ ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ ಎಂಬುದು ಸರ್ಕಾರಕ್ಕೂ ಗೊತ್ತಿತ್ತು.

ಈ ಬೆಟ್ಟದ ಹಕ್ಕು ಎಂಥದು ಎಂಬುದನ್ನು ಗಮನಿಸಬೇಕು. ನೆಲ ಸರ್ಕಾರದ್ದು. ತೋಟದವರಿಗೆ ಇರುವುದು ಸವಲತ್ತು: ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಕರಡ ಎಂಬ ಒಣಹುಲ್ಲು ಕೊಯ್ಯಬಹುದು, ಮನೆಬಳಕೆಗೆ ಒಣಕಟ್ಟಿಗೆ ತರಬಹುದು. ಮಾರುವಂತಿಲ್ಲ. ಮರವನ್ನು ಬುಡಸಮೇತ ಉರುಳಿಸುವಂತಿಲ್ಲ. ತೋಟ ಮಾರಿದರೆ ಬೆಟ್ಟ ತೋಟದ ಹಿಂದೆಯೇ ಹೋಗುತ್ತದೆ, ಒಂಟಿಯಾಗಿ ಅದಕ್ಕೆ ಬೆಲೆಯಿಲ್ಲ. ಇದು ಒಡೆತನವೂ ಅಲ್ಲದ, ಬರೀ ಅನುಮತಿಯೂ ಅಲ್ಲದ ಒಂದು ಸಂಬಂಧ. ಕೊಂಬೆ ಸವರುವಾಗ ತುದಿಯನ್ನು ಬಿಡಬೇಕು, ಈ ವರ್ಷ ಸವರಿದ ಮರವನ್ನು ಮುಂದಿನ ವರ್ಷ ಬಿಡಬೇಕು ಎಂಬ ಜಾಣತನವೂ ಆ ಪದದ ಒಳಗೇ ಇತ್ತು. ಅದನ್ನು ಮರೆತವರ ಬೆಟ್ಟ ಬೋಳಾಗಿದೆ, ಅಂಥ ಬೆಟ್ಟಗಳೂ ಶಿರಸಿ ಸೀಮೆಯಲ್ಲಿ ಕಡಿಮೆಯಿಲ್ಲ. ಅಗಳ ತೋಡಿ ಕಾಪಾಡಿಕೊಂಡವರ ಬೆಟ್ಟದಲ್ಲಿ ಮುರುಗಲು, ಉಪ್ಪಾಗೆ, ವಾಟೆ ಹಣ್ಣು ಇಂದಿಗೂ ಉದುರುತ್ತವೆ.

ಇನ್ನೊಂದು ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ಬೆಟ್ಟ ಸಿಕ್ಕಿದ್ದು ತೋಟ ಇದ್ದವರಿಗೆ. ತೋಟವಿಲ್ಲದ ಕೂಲಿಯವರಿಗೆ, ದನ ಕಾಯುವ ಗೌಳಿಗಳಿಗೆ, ಊರಂಚಿನ ಕೇರಿಗಳಿಗೆ ಆ ಪದ ಏನನ್ನೂ ಕೊಡಲಿಲ್ಲ. ಎಷ್ಟೋ ಬೆಟ್ಟಗಳಲ್ಲಿ ಮರ ಹತ್ತಿ ಸೊಪ್ಪು ಕಡಿದವರೇ ಅವರು. ಕಾಗದದಲ್ಲಿ ಹೆಸರು ಬೇರೆಯವರದು. ಮೆಚ್ಚಿಕೊಳ್ಳುವ ಪದವೇ ಆದರೂ ಅದರ ನೆರಳು ಯಾರ ಮೇಲೆ ಬಿತ್ತು ಎಂದು ನೋಡುವುದು ನನ್ನಂಥವನ ಕರ್ತವ್ಯ.

ಬೆಟ್ಟದ ಪಕ್ಕದಲ್ಲೇ ನಿಲ್ಲುವ ಬೇರೆ ಪದಗಳೂ ಇವೆ. ಮರ ಕಡಿಮೆಯಿದ್ದು ಹುಲ್ಲು ಬೆಳೆಯುವ ಜಾಗ ಬೇಣ, ಕೆಲವರ ಬಾಯಲ್ಲಿ ಬ್ಯಾಣ. ಕೊಡಲಿ ತಾಗದ ದಟ್ಟ ಹಸಿರು ಕಾಡು ಕಾನು. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದರು. ಸಿದ್ದಾಪುರದ ಕತ್ತಲೆಕಾನು ಎಂಬ ಹೆಸರನ್ನು ಕೇಳಿದರೆ ಸಾಕು, ಒಳಗೆ ಹೋದವರಿಗೆ ಹಗಲಲ್ಲೂ ಬೆಳಕು ಕಾಣದ ರಾಮಪತ್ರೆ ಜಡ್ಡಿಗಳ, ಅಂದರೆ ಜವುಗು ಕಾಡುಗಳ, ತಂಪು ನೆನಪಾಗುತ್ತದೆ. ಬೆಟ್ಟ, ಬೇಣ, ಕಾನು: ಮೂರೂ ಹೊರಗಿನವರ ಕಣ್ಣಿಗೆ ಕಾಡು. ಊರಿನವರಿಗೆ ಸೊಪ್ಪು ಕಡಿಯುವುದು, ದನ ಬಿಡುವುದು, ಕೈಮುಗಿದು ಕಾಳುಮೆಣಸಿಗಷ್ಟೇ ಹೋಗುವುದು ಎಂಬ ಮೂರು ಬೇರೆ ಬೇರೆ ನಡವಳಿಕೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯದಂತೆ ಮರಗಳನ್ನು ಅಪ್ಪಿಕೊಂಡರಲ್ಲ, ಅವರು ಕಾಡನ್ನು ದೂರದಿಂದ ಪ್ರೀತಿಸಿದವರಲ್ಲ. ಮರ ಹೋದರೆ ನೀರು, ಸೊಪ್ಪು, ತೋಟ ಒಂದರ ಹಿಂದೆ ಒಂದು ಹೋಗುತ್ತವೆ ಎಂದು ಬಲ್ಲವರು.

ಈಗ ಘಟ್ಟ ಇಳಿಯೋಣ. ಉಡುಪಿಯ ಸುತ್ತಮುತ್ತ ಬಡಗಬೆಟ್ಟು, ಮೂಡಬೆಟ್ಟು, ಕೆಳಾರ್ಕಳಬೆಟ್ಟು ಎಂಬ ಊರುಗಳಿವೆ. ಬಡಗಬೆಟ್ಟು ಒಂದಲ್ಲ, 76 ಬಡಗಬೆಟ್ಟು, 80 ಬಡಗಬೆಟ್ಟು ಎಂದು ಹೆಸರಿನ ಹಿಂದೆಯೇ ಅಂಕಿ ಅಂಟಿಸಿಕೊಂಡಿವೆ. ಬೆಟ್ಟುಗಳನ್ನು ಹುಡುಕಿಕೊಂಡು ಹೋದ ಹೊಸಬರು ಬೆಟ್ಟ ಎಲ್ಲಿ ಎಂದು ಸುತ್ತ ನೋಡುತ್ತಾರೆ. ಗದ್ದೆಯ ನಡುವೆ ನಿಂತಿರುತ್ತಾರೆ.

ತುಳುನಾಡಿನ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ತೋಡಿನ ಬದಿಯ ತಗ್ಗು ನೆಲ ಬೈಲು, ನೀರು ನಿಲ್ಲುವಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ. ನಡುವಿನದು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲಿನದು ಬೆಟ್ಟು, ಮಳೆ ನೀರು ಹೋದರೆ ನೆಲ ಒಣಗಿತು, ಒಂದೇ ಬೆಳೆ. ಈ ಮೇಲು ಕೆಳಗುಗಳ ಅಂತರ ಕೆಲವು ಕಡೆ ಒಂದಾಳು ಎತ್ತರವೂ ಇಲ್ಲ. ಆದರೆ ನೀರಿಗೆ ಆ ಅಂತರ ಗೊತ್ತು, ಗೇಣಿ ಕಟ್ಟುವವರಿಗೂ ಗೊತ್ತಿತ್ತು, ತೀರ್ವೆ ಕಟ್ಟುವ ಕಚೇರಿಗೂ ಗೊತ್ತಿತ್ತು. ಒಂದು ಕುಟುಂಬಕ್ಕೆ ಬೈಲು ಬಂತೋ ಬೆಟ್ಟು ಬಂತೋ ಎಂಬುದರ ಮೇಲೆ ಆ ಮನೆಯಲ್ಲಿ ಮಳೆಗಾಲದ ಅಕ್ಕಿ ಮುಡಿ ಎಷ್ಟು ದಿನ ಬರುತ್ತದೆ ಎಂಬುದು ನಿಲ್ಲುತ್ತಿತ್ತು. ಪಾಲುಪಟ್ಟಿಯ ಜಗಳಗಳಲ್ಲಿ ಈ ಎರಡಕ್ಷರಕ್ಕೆ ಎಷ್ಟು ತೂಕ ಎಂದು ಆ ಕಡೆಯ ವಕೀಲರನ್ನು ಕೇಳಬೇಕು.

ಘಟ್ಟದ ಮೇಲಿನ ಬೆಟ್ಟ ಮತ್ತು ಕೆಳಗಿನ ಬೆಟ್ಟು ಒಂದೇ ಬೇರಿನ ಮಾತುಗಳು ಎಂದು ನಾನು ತಿಳಿದಿದ್ದೇನೆ. ಎರಡರಲ್ಲೂ ಎತ್ತರ ಇದೆ, ಆದರೆ ಯಾವುದಕ್ಕಿಂತ ಎತ್ತರ ಎಂಬ ಪ್ರಶ್ನೆ ಅದರ ಜೊತೆಗೇ ಇದೆ. ಶಿರಸಿಯ ಬೆಟ್ಟ ತೋಟಕ್ಕಿಂತ ಮೇಲೆ, ಉಡುಪಿಯ ಬೆಟ್ಟು ಬೈಲಿಗಿಂತ ಮೇಲೆ. ಕೆಳಗಿರುವ ಬೆಳೆ ಇಲ್ಲದಿದ್ದರೆ ಆ ಪದಕ್ಕೆ ಅಲ್ಲಿ ನಿಲ್ಲಲು ನೆಲವಿಲ್ಲ. ದಕ್ಷಿಣ ಕನ್ನಡದ ಕುಮ್ಕಿಯೂ ಹೀಗೇ, ವರ್ಗ ಎಂಬ ಹಳೆಯ ಹಿಡುವಳಿಯ ಗದ್ದೆಯಿಂದ 100 ಗಜದೊಳಗಿನ ಜಾಗ ಎಂದೇ ಅದರ ಲೆಕ್ಕ. ಗದ್ದೆ ಮೊದಲು, ಕುಮ್ಕಿ ಅದರ ಅಂಚಿನಿಂದ.

ಇಷ್ಟು ಹೇಳಿದ ಮೇಲೆ, ನಿಜವಾಗಿ ತಲೆ ಎತ್ತಿ ನೋಡಬೇಕಾದ ಬೆಟ್ಟಗಳಿಗೆ ಬರುತ್ತೇನೆ. ಅಲ್ಲೂ ಎತ್ತರ ನೆರೆಯವರನ್ನು ನೋಡಿಯೇ ತೀರ್ಮಾನವಾಗುತ್ತದೆ. ಶ್ರವಣಬೆಳಗೊಳದಲ್ಲಿ ಎದುರುಬದುರಾಗಿ ಎರಡು ಬೆಟ್ಟ. ಬಾಹುಬಲಿ ನಿಂತದ್ದು ವಿಂಧ್ಯಗಿರಿ, ಬಸದಿಗಳ ಸಾಲು ಇರುವುದು ಚಂದ್ರಗಿರಿ. ಊರಿನವರಿಗೆ ಅವು ದೊಡ್ಡಬೆಟ್ಟ, ಚಿಕ್ಕಬೆಟ್ಟ. ಚಿಕ್ಕಬೆಟ್ಟಕ್ಕೆ ಶಾಸನಗಳಲ್ಲಿ ಕಳ್ಬಪ್ಪು ಎಂಬ ಇನ್ನೂ ಹಳೆಯ ಕನ್ನಡ ಹೆಸರಿದೆ, ಅದನ್ನೇ ಸಂಸ್ಕೃತದಲ್ಲಿ ಕಟವಪ್ರ ಎಂದರು. ಒಂದೇ ಬಂಡೆಯ ಮೇಲೆ ಮೂರು ಕಾಲದ ಹೆಸರು. ಇನ್ನೊಂದು ದೊಡ್ಡಬೆಟ್ಟ ಊಟಿಯ ಪಕ್ಕದಲ್ಲಿದೆ. 2,637 ಮೀಟರ್, ನೀಲಗಿರಿಯಲ್ಲೇ ಎತ್ತರದ್ದು. ಇಂದು ಅದು ತಮಿಳುನಾಡಿನ ನೆಲ, ಹೆಸರು ಮಾತ್ರ ನಮ್ಮ ಕಿವಿಗೆ ಸ್ವಂತದ್ದು. ಆ ಹೆಸರು ಅಲ್ಲಿನ ಬಡಗರ ಮಾತಿನದು. ಬಡಗ ಎಂದರೆ ಬಡಗಣಿಂದ ಬಂದವರು. ಅವರ ನುಡಿ ಕನ್ನಡದ ಅಕ್ಕನೋ ತಂಗಿಯೋ ಎಂದು ವಿದ್ವಾಂಸರು ವಾದಿಸಲಿ. ದೊಡ್ಡಬೆಟ್ಟ ಎಂದು ಕೇಳಿದ ಯಾವ ಕನ್ನಡಿಗರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ. ಶ್ರವಣಬೆಳಗೊಳದ ದೊಡ್ಡಬೆಟ್ಟ ಎತ್ತರದಲ್ಲಿ ನೀಲಗಿರಿಯ ದೊಡ್ಡಬೆಟ್ಟಕ್ಕೆ ಸಾಟಿಯಲ್ಲ. ಆದರೂ ಎರಡೂ ದೊಡ್ಡವೇ, ಅದರದರ ಊರಿನಲ್ಲಿ.

ಉತ್ತರದ ಕಡೆ ಹೋದರೆ ಗುಡ್ಡದ ಆಳ್ವಿಕೆ. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ, ಗದಗಿನಲ್ಲಿ ಕಪ್ಪತಗುಡ್ಡ, ಹಾವೇರಿ ಜಿಲ್ಲೆಯಲ್ಲಿ ದೇವರಗುಡ್ಡ. ದಕ್ಷಿಣದವರ ಕಿವಿಗೆ ಗುಡ್ಡ ಎಂದರೆ ಬೆಟ್ಟಕ್ಕಿಂತ ಕಿರಿದು. ಕಪ್ಪತಗುಡ್ಡವನ್ನು ಕಂಡವರು ಅದನ್ನು ಕಿರಿದು ಎನ್ನಲಾರರು. ಇನ್ನು ತೆಂಕಣ ತುದಿಯಲ್ಲಿ ಮಲೆ ಮಹದೇಶ್ವರ ಬೆಟ್ಟ: ಮಲೆ ಎಂದರೂ ಬೆಟ್ಟವೇ. ಪದ ಎರಡು ಸಲ ಬಂದದ್ದರಿಂದ ಹೆಸರು ಭಾರವಾಗಲಿಲ್ಲ, ಯಾಕೆಂದರೆ ಮಲೆ ಅಲ್ಲಿ ಮಾದಪ್ಪನ ಒಡೆತನದ ಇಡೀ ನಾಡು, ಬೆಟ್ಟ ಅವನು ನೆಲೆಸಿದ ಜಾಗ. ಆ ಹೆಸರನ್ನು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಹಿಂದೆ ಹಿಲ್ಸ್ ಎಂದು ಸೇರಿಸಿ ಎಂ.ಎಂ. ಹಿಲ್ಸ್ ಎಂದು ಬಸ್ಸಿನ ಬೋರ್ಡಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದದ್ದನ್ನು ಕಂಡಾಗ ನನಗೆ ದುಃಖವಾಗುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೂ ಅದೇ ಗತಿ. ಕಂಸಾಳೆಯವರು ರಾತ್ರಿಯಿಡೀ ಹಾಡಿ ಉಳಿಸಿಕೊಂಡ ಹೆಸರನ್ನು ನಾವು ಮೊದಲಕ್ಷರಗಳಿಗೆ ಇಳಿಸುವುದು ಸರಿಯಲ್ಲ.

ಪಿರಿಯಾಪಟ್ಟಣದ ಬೆಟ್ಟದಪುರ, ಬೆಂಗಳೂರಿನ ಬಡಗಣ ಬೆಟ್ಟಹಲಸೂರು: ಬೆಟ್ಟವನ್ನು ಹೆಸರಿನಲ್ಲಿ ಹೊತ್ತ ಊರುಗಳು ನಾಡಿನ ತುಂಬ ಇವೆ. ಬೆಟ್ಟದಪುರದಲ್ಲಿ ಬೆಟ್ಟದ ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನ ಕೂತಿದ್ದಾನೆ. ಬೆಟ್ಟಹಲಸೂರು ಕಲ್ಲುಗಣಿಗಳಿಂದ ಹೆಸರಾದ ಜಾಗ. ಬೆಂಗಳೂರು ಏರಿದ ಕಾಲದಲ್ಲಿ ಸುತ್ತಲಿನ ಎಷ್ಟೋ ಬಂಡೆಗಳು ಮನೆಯ ತಳಪಾಯಕ್ಕೆ, ರಸ್ತೆಯ ಜಲ್ಲಿಗೆ ಇಳಿದುಹೋದವು.

ಯಾಕೆ ಅಷ್ಟು ಸುಲಭವಾಗಿ ಇಳಿದವು? ಇಲ್ಲಿಯೂ ಉತ್ತರ ಕಂದಾಯದ ಭಾಷೆಯಲ್ಲಿದೆ. ಬಯಲುಸೀಮೆಯ ಪಹಣಿಯಲ್ಲಿ ಸಾಗುವಳಿಗೆ ಬಾರದ ಕಲ್ಲು ಬೆಟ್ಟ ಖರಾಬು. ಅರಬ್ಬಿಯಿಂದ ಬಂದ ಈ ಮಾತಿಗೆ ಹಾಳಾದದ್ದು ಎಂದು ಅರ್ಥ. ಅ ಖರಾಬು, ಬ ಖರಾಬು ಎಂದು ಎರಡು ಬಗೆ: ಬೇಸಾಯಕ್ಕೆ ಒಗ್ಗದ್ದು ಒಂದು, ದಾರಿ, ಹಳ್ಳ, ಸ್ಮಶಾನದಂತೆ ಊರಿನ ಬಳಕೆಗೆ ಉಳಿಸಿದ್ದು ಇನ್ನೊಂದು. ಆ ಬೆಟ್ಟದ ಮೇಲಿನ ಕುರುಚಲಲ್ಲಿ ಕುರಿ ಮೇಯುತ್ತಿತ್ತು, ಕೆರೆಗೆ ಹರಿವ ಮಳೆನೀರು ಆ ಕಲ್ಲಿನ ಮೇಲಿಂದಲೇ ಬರುತ್ತಿತ್ತು, ಸೀತಾಫಲ, ಕಾರೆ ಹಣ್ಣು ಮಕ್ಕಳಿಗೆ ಸಿಗುತ್ತಿತ್ತು. ಕಂದಾಯ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಹಾಳು ಎನಿಸಿಕೊಂಡಿತು. ಹಾಳು ಎಂದು ಬರೆದಿರುವುದನ್ನು ಒಡೆಯಲು ಯಾರಿಗೂ ಕೈ ನಡುಗುವುದಿಲ್ಲ. ಒಂದೇ ರಾಜ್ಯ, ಒಂದೇ ಅಧಿನಿಯಮ, ಒಂದೇ ಪದ. ಶಿರಸಿಯಲ್ಲಿ ಅದು ಕಾನೂನು ಕಾಯುವ ಸವಲತ್ತು, ಕೋಲಾರದಲ್ಲಿ ಖರಾಬು. ಕೋಲಾರದ ಬೆಟ್ಟಕ್ಕೂ ಒಂದು ಕೆರೆ ಇತ್ತು, ಶಿರಸಿಯ ಬೆಟ್ಟಕ್ಕೆ ತೋಟ ಇದ್ದ ಹಾಗೆ. ಆ ಸಂಬಂಧವನ್ನು ಬರೆದುಕೊಳ್ಳುವ ಕಾಲಂ ಬಯಲುಸೀಮೆಯ ಲೆಕ್ಕದಲ್ಲಿ ಇರಲಿಲ್ಲ.

ಕನ್ನಡದಲ್ಲಿ ಬೆಟ್ಟು ಎಂದರೆ ಬೆರಳು ಎಂಬ ಅರ್ಥವೂ ಇದೆ. ಬೆಟ್ಟು ಮಾಡಿ ತೋರಿಸು ಎನ್ನುತ್ತೇವೆ, ಹೆಬ್ಬೆರಳಿಗೆ ಹೆಬ್ಬೆಟ್ಟು ಎನ್ನುತ್ತೇವೆ. ಇದು ಗುಡ್ಡದ ಬೆಟ್ಟುವಿನ ಬಳಗಕ್ಕೆ ಸೇರಿದ್ದಲ್ಲ, ಉಚ್ಚಾರ ಒಂದಾಗಿರುವ ಬೇರೆ ಪದ. ಆದರೂ ನಮ್ಮ ಭೂಮಿಯ ಕಾಗದಗಳಲ್ಲಿ ಎರಡೂ ಭೇಟಿಯಾಗಿವೆ. ಬೆಟ್ಟ, ಬೆಟ್ಟು, ಕುಮ್ಕಿಗಳ ಕರಾರುಗಳಲ್ಲಿ ಓದುಬರಹ ಬಾರದ ಎಷ್ಟೋ ಗೇಣಿದಾರರು, ಕೂಲಿಗಳು ಒತ್ತಿದ್ದು ಹೆಬ್ಬೆಟ್ಟು. ಮೇಲೆ ಏನು ಬರೆದಿದೆ ಎಂದು ಓದಿ ಹೇಳುವವರನ್ನು ನಂಬಿ ಒತ್ತಿದರು. ಆ ಕಾಗದದಲ್ಲಿ ಬೆಟ್ಟ ಎಂಬುದು ಯಾವ ಅರ್ಥದಲ್ಲಿ ಬರೆದಿತ್ತು ಎಂಬುದು ಅವರ ಮಕ್ಕಳ ಕಾಲಕ್ಕೆ ನ್ಯಾಯಾಲಯದಲ್ಲಿ ಗೊತ್ತಾದದ್ದುಂಟು.

ಪದವೊಂದು ಕಾಗದದಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಇನ್ನೊಂದು ಕಡೆಯಿಂದ ತೋರಿಸುತ್ತೇನೆ. ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಕೊಡಗಿನ ಕಾಡಂಚಿನಲ್ಲಿ ಬೆಟ್ಟ ಕುರುಬರು ಇದ್ದಾರೆ. ಗಡಿಯಾಚೆ ಗೂಡಲೂರಿನ ಕಡೆ ಇದೇ ಜನ ಬೆಟ್ಟ ಕುರುಂಬರು. ಬಿದಿರಿನ ಕೆಲಸಕ್ಕೂ ಆನೆಗಳ ಜೊತೆಗಿನ ಬದುಕಿಗೂ ಹೆಸರಾದವರು. ಅವರ ವಾಸದ ಜಾಗಕ್ಕೆ ಹಾಡಿ ಎನ್ನುತ್ತಾರೆ. ಉತ್ತರ ಕನ್ನಡದ ಕಾಗದದ ಹಾಡಿ ಮರಗಳದು, ಇಲ್ಲಿಯ ಹಾಡಿ ಮನೆಗಳದು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡು ಕುರುಬ ಎಂಬ ಹೆಸರಿತ್ತು, ಬೆಟ್ಟ ಕುರುಬ ಇರಲಿಲ್ಲ. ಕಾಡು ಯಾವುದು, ಬೆಟ್ಟ ಯಾವುದು ಎಂದು ಹಾಡಿಯಲ್ಲಿ ಯಾರೂ ಗೆರೆ ಎಳೆದಿರಲಿಲ್ಲ, ಕಚೇರಿಯ ಮೇಜಿನ ಮೇಲೆ ಎಳೆದರು. ತಾನು ಯಾರು ಎಂದು ತನ್ನ ಬಾಯಿಂದಲೇ ಸರಿಯಾಗಿ ಹೇಳಿದ ಹುಡುಗನಿಗೆ ಪ್ರಮಾಣಪತ್ರ ಸಿಗುವುದು ಕಷ್ಟವಾಯಿತು. 2022ರ ಡಿಸೆಂಬರಿನಲ್ಲಿ ಸಂಸತ್ತು ಬೆಟ್ಟ ಕುರುಬ ಎಂಬುದನ್ನು ಕಾಡು ಕುರುಬದ ಸಮಾನ ಹೆಸರಾಗಿ ಸೇರಿಸುವ ಮಸೂದೆಯನ್ನು ಅಂಗೀಕರಿಸಿತು. ಒಂದು ಪದ ಊರಿನಿಂದ ದಿಲ್ಲಿಯವರೆಗೆ ನಡೆದು ಪಟ್ಟಿ ಸೇರಲು ಸ್ವಾತಂತ್ರ್ಯದ ನಂತರ ಏಳು ದಶಕಕ್ಕೂ ಹೆಚ್ಚು ಹಿಡಿಯಿತು.

ಇನ್ನು ನಿಘಂಟಿನ ಮಾತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಮಹತ್ವದ ಆದೇಶ ಕೊಟ್ಟಿತು. ಅರಣ್ಯ ಎಂಬ ಮಾತನ್ನು ಅದರ ನಿಘಂಟಿನ ಅರ್ಥದಲ್ಲಿ ತಿಳಿಯಬೇಕು, ಒಡೆತನ ಯಾರದೇ ಇರಲಿ, ದಾಖಲೆಯಲ್ಲಿ ಅರಣ್ಯ ಎಂದಿರುವುದೂ ಅದರಲ್ಲಿ ಸೇರುತ್ತದೆ ಎಂದು ಅದು ಹೇಳಿತು. ದೇಶದ ಕಾಡುಗಳ ಲೂಟಿಗೆ ಆ ಆದೇಶ ಹಾಕಿದ ತಡೆ ದೊಡ್ಡದು, ಅದರ ಉಪಕಾರವನ್ನು ನಾನು ಮರೆಯುವವನಲ್ಲ. ಆದರೆ ಯಾವ ಭಾಷೆಯ ನಿಘಂಟು? ಅರಣ್ಯಕ್ಕೆ ಒಂದು ಅರ್ಥ ಹಿಡಿದು ಹೊರಟ ಸಮಿತಿಗಳ ಮುಂದೆ ಕಾನು, ಬೆಟ್ಟ, ಬಾಣೆ, ಕುಮ್ಕಿ, ಹಾಡಿ ಎಲ್ಲವೂ ಸಾಲಾಗಿ ನಿಂತವು. ಕರ್ನಾಟಕದಲ್ಲಿ ಪರಿಭಾವಿತ ಅರಣ್ಯ ಎಂದು ಮೊದಲು ಗುರುತಿಸಿದ್ದು 9.94 ಲಕ್ಷ ಹೆಕ್ಟೇರು. ವರ್ಷಗಳ ತಕರಾರಿನ ನಂತರ 2022ರಲ್ಲಿ ಅದನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿದರು. ಒಂದೇ ನೆಲ ಮೊದಲು ಕಾಡಾಗಿತ್ತು, ಆಮೇಲೆ ಕಾಡಲ್ಲ ಎಂದಾಯಿತು. ಮೂರರಲ್ಲಿ ಎರಡು ಪಾಲು ಪಟ್ಟಿಯಿಂದ ಹೊರಗೆ. ನನ್ನ ತಕರಾರು ಅಂಕಿಯ ಬಗ್ಗೆ ಅಲ್ಲ. ಸೊಪ್ಪಿನ ಬೆಟ್ಟವನ್ನು ಅರಣ್ಯ ಎಂದರೆ ಕೊಂಬೆ ಸವರುವ ಕೈ ಅಪರಾಧಿಯಾಗುತ್ತದೆ. ಅರಣ್ಯವಲ್ಲ ಎಂದರೆ ನಾಳೆ ಅದನ್ನು ಸಮತಟ್ಟು ಮಾಡಿ ಮಾರುವವರಿಗೆ ಬಾಗಿಲು ತೆರೆಯುತ್ತದೆ. ಎರಡೂ ಉತ್ತರ ತಪ್ಪು, ಯಾಕೆಂದರೆ ಪ್ರಶ್ನೆಯನ್ನು ಕೇಳಿದ್ದು ಅರಣ್ಯ ಎಂಬ ಪದಕ್ಕೆ. ಬೆಟ್ಟ ಎಂಬ ಪದವನ್ನು ಯಾರೂ ಕೇಳಲಿಲ್ಲ.

ಕೇಳುವ ದಾರಿ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಒಂದು ಸೊಗಸಾದ ಏರ್ಪಾಟಿದೆ. ಹಕ್ಕಿಗೆ ಸಾಕ್ಷಿಯಾಗಿ ಸರ್ಕಾರಿ ಕಾಗದ, ನಕ್ಷೆಗಳ ಜೊತೆಗೆ ಊರಿನ ಹಿರಿಯರ ಹೇಳಿಕೆಯನ್ನೂ ಬರೆದುಕೊಂಡು ಒಪ್ಪಿಸಬಹುದು; ಆ ಹಿರಿಯರು ಅರ್ಜಿದಾರರಾಗಿರಬಾರದು, ಅಷ್ಟೇ. ಗ್ರಾಮಸಭೆಯೇ ಮೊದಲ ವೇದಿಕೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ತಮ್ಮ ಸಮುದಾಯದ ಹಕ್ಕುಪತ್ರಗಳನ್ನು ಪಡೆದದ್ದು ಇದೇ ಕಾಯಿದೆಯ ಕೆಳಗೆ. ಬುಡಕಟ್ಟಿನವರಲ್ಲದ ಕಾಡುವಾಸಿಗಳು ಮೂರು ತಲೆಮಾರು, 75 ವರ್ಷದ ವಾಸವನ್ನು ತೋರಿಸಬೇಕಾಗಿರುವುದರಿಂದ ಉತ್ತರ ಕನ್ನಡದ ಸಾವಿರಾರು ಅರ್ಜಿಗಳು ನಿಂತಿವೆ, ಅದು ಬೇರೆಯೇ ಉಪನ್ಯಾಸದ ವಿಷಯ. ಮಾತನ್ನೇ ಸಾಕ್ಷಿ ಎಂದು ಒಪ್ಪಿದ ಆ ಒಂದು ಸಾಲು ಮಾತ್ರ ನನ್ನ ಇವತ್ತಿನ ವಾದಕ್ಕೆ ಸಾಕು.

ಅದೇ ಕ್ರಮವನ್ನು ಕಂದಾಯ ಇಲಾಖೆ ತನ್ನದಾಗಿಸಿಕೊಳ್ಳಲಿ ಎಂಬುದು ನನ್ನ ಬೇಡಿಕೆ. ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹತ್ತಿ ಎರಡು ದಶಕ ದಾಟಿದೆ. ಬೆಟ್ಟ, ಬೆಟ್ಟು, ಬೇಣ, ಹಾಡಿ, ಕಾನು ಎಂದಿರುವ ಪ್ರತಿ ಸರ್ವೆ ನಂಬರಿನ ಎದುರು, ಈ ಊರಿನಲ್ಲಿ ಈ ಪದಕ್ಕೆ ಏನರ್ಥ, ಅಲ್ಲಿಂದ ಯಾರು ಏನು ತರುತ್ತಾರೆ, ಅದರ ಕೆಳಗಿರುವ ತೋಟ, ಗದ್ದೆ, ಕೆರೆ ಯಾವುದು ಎಂದು ನಾಲ್ಕು ಸಾಲು ಬರೆಯಲು ಜಾಗ ಬೇಕು. ಬರೆಯಬೇಕಾದವರು ಗ್ರಾಮ ಆಡಳಿತಾಧಿಕಾರಿಗಳು, ಹೇಳಬೇಕಾದವರು ಊರಿನವರು. ತೋಟದ ಯಜಮಾನರನ್ನು ಕೇಳಿದರೆ ಸಾಲದು, ಮರ ಹತ್ತಿದವರನ್ನು, ದರಕು ಹೊತ್ತ ಹೆಂಗಸರನ್ನು, ದನ ಬಿಟ್ಟವರನ್ನು ಕೂರಿಸಿ ಕೇಳಬೇಕು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕಳಿಸಿದರೆ ಊರ ಹೆಸರುಗಳ ಅಧ್ಯಯನವೂ ಗ್ರಂಥಾಲಯದಿಂದ ಹೊರಗೆ ಬರುತ್ತದೆ. ನಾಮಫಲಕಗಳ ವಿಷಯ ಇನ್ನೂ ಸುಲಭ: ಮಾದಪ್ಪನ ಬೆಟ್ಟಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಪೂರ್ತಿ ಹೆಸರು ಬರೆಯಲು ಸಾರಿಗೆ ಇಲಾಖೆಗೆ ಒಂದು ಸುತ್ತೋಲೆ ಸಾಕು.

ತಡ ಮಾಡುವ ಕಾಲ ಇದಲ್ಲ. ಶಿರಸಿಯಲ್ಲೇ ಕೊಟ್ಟಿಗೆಯ ದನ ಕಡಿಮೆಯಾಗಿದೆ, ಸೊಪ್ಪು ಕಡಿಯುವ ಆಳು ಸಿಗುತ್ತಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತಿದೆ. ಬೆಟ್ಟದಲ್ಲಿ ಕೆಲಸವಿಲ್ಲದಿದ್ದರೆ ಅಪ್ಪಯ್ಯ ಬೆಟ್ಟಕ್ಕೆ ಹೋಗುವುದಿಲ್ಲ, ಮಗ ರಜೆಯಲ್ಲಿ ಬಂದಾಗ ಬೆಟ್ಟ ಎಂದು ಕೇಳಿ ಬೇರೆ ಜಿಲ್ಲೆಯ ಶಿಖರವನ್ನು ನೆನೆಯುತ್ತಾನೆ. ಉಡುಪಿಯ ಬೆಟ್ಟು ಗದ್ದೆಗಳಲ್ಲಿ ಮನೆಗಳೆದ್ದಿವೆ, ಬೈಲಿಗೂ ಬೆಟ್ಟುವಿಗೂ ಮಣ್ಣು ತುಂಬಿಸಿ ಒಂದೇ ಮಟ್ಟ ಮಾಡಲಾಗಿದೆ. 1964ರ ಆ ವಾಕ್ಯವನ್ನು ಬರೆಯುವಾಗ ಕೇಳಲು ಸಿಕ್ಕಿರಬಹುದಾದಂಥ ಜನ ಇನ್ನು ಕೆಲವೇ ವರ್ಷ ಸಿಗುತ್ತಾರೆ. ಈ ದತ್ತಿಯ ಮುಂದಿನ ವರ್ಷದ ಹಣದಲ್ಲಿ ಒಂದು ತಾಲ್ಲೂಕಿನಲ್ಲಾದರೂ, ಸಿದ್ದಾಪುರವಾಗಲಿ ಉಡುಪಿಯಾಗಲಿ, ಈ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಶುರುಮಾಡಿ ಎಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ನಾನೂ ಪುಸ್ತಕ ಹಿಡಿದು ಬರುತ್ತೇನೆ.